ಮಾವುತನ ಕೈಯಲ್ಲಿ ಉಳಿ

ಪ್ರಶ್ನೆ: ಯುದ್ಧದಲ್ಲಿ ಆನೆಗಳು ಬೆದರಿ ತಮ್ಮ ಕಡೆಯವರನ್ನೇ ತುಳಿಯುತ್ತಿದ್ದವಂತೆ. ಅದು ಗೊತ್ತಿದ್ದೂ ರಾಜರು ಗಜಸೇನೆಯನ್ನು ಏಕೆ ಸಾಕಿದರು?

ಉತ್ತರ: ಮುಖ್ಯವಾಗಿ ಎದುರಾಳಿಯ ಕುದುರೆಗಳನ್ನು ತಡೆಯಲು. ಆನೆಯ ಒಡನಾಟವಿಲ್ಲದ ಕುದುರೆಗೆ ಅದರ ವಾಸನೆ ಬಡಿದರೆ ಸಾಕು, ಸವಾರ ಎಷ್ಟು ಹೊಡೆದರೂ ಮುಂದೆ ಹೆಜ್ಜೆ ಇಡಲು ಹಿಂಜರಿಯುತ್ತದೆ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳಾಗಿದ್ದ ಆಂಟಿಗೋನಸ್, ಸೆಲ್ಯೂಕಸ್ ರಾಜ್ಯಕ್ಕಾಗಿ ಕಾದಾಡಿದರು. ಕ್ರಿ.ಪೂ. 301ರಲ್ಲಿ ಅವರ ನಡುವೆ ನಡೆದ ಇಪ್ಸಸ್ ಕದನದಲ್ಲಿ ಆಂಟಿಗೋನಸ್‌ನ ಮಗ ಡಿಮೆಟ್ರಿಯಸ್ ಶತ್ರುವಿನ ಅಶ್ವಪಡೆಯನ್ನು ಅಟ್ಟಿಕೊಂಡು ದೂರ ಹೋದ. ಹಿಂದಿರುಗುವಷ್ಟರಲ್ಲಿ ಸೆಲ್ಯೂಕಸ್ ನಡುವೆ ಆನೆಗಳನ್ನು ತಂದು ನಿಲ್ಲಿಸಿಬಿಟ್ಟಿದ್ದ. ಮಗ ಆಚೆಯೇ ಉಳಿದ, ಈಚೆ ತಂದೆ ಸತ್ತ. ಆ ಸೆಲ್ಯೂಕಸ್‌ಗೆ 500 ಆನೆ ಕೊಟ್ಟವನು ಚಂದ್ರಗುಪ್ತ ಮೌರ್ಯ.

ಬೆದರುತ್ತಿದ್ದದ್ದೂ ನಿಜ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಂಡೆಯಲ್ಲಿ ಅಲೆಕ್ಸಾಂಡರನ ಸೈನಿಕರು ಪೋರಸನ ಆನೆಗಳ ಜೊತೆಗೆ ಮಾವುತರಿಗೂ ಗುರಿಯಿಟ್ಟು ಈಟಿ ಎಸೆದರು. ಮಾವುತ ಉರುಳಿದ ಮೇಲೆ, ಮೈತುಂಬ ಗಾಯವಾದ ಪ್ರಾಣಿಗೆ ನಮ್ಮವರು ಯಾರು, ಪರರು ಯಾರು? ಇದನ್ನು ಆನೆಯ ದ್ರೋಹವೆಂದು ಬರೆದವರನ್ನು ನಾನು ಒಪ್ಪಲಾರೆ. ಆನೆ ತಾಯ ಹೊಟ್ಟೆಯಲ್ಲೇ ಸುಮಾರು 22 ತಿಂಗಳು ಇರುತ್ತದೆ. ಮರಿ ದೊಡ್ಡದಾಗುವವರೆಗೆ ಮೇವು ಹಾಕಿ ಕಾಯುವುದು ಯಾವ ಅರಸನಿಗೂ ಪೂರೈಸುತ್ತಿರಲಿಲ್ಲ. ಹಿಡಿಯುವುದಾದರೆ 20 ವರ್ಷದ ಆನೆಯನ್ನು ಹಿಡಿಯಬೇಕೆನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಅಂದರೆ ಗಜಸೇನೆಯ ಆನೆಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಬೆಳೆದು, ಹಿಂಡಿನಿಂದ ಅಗಲಿ ಬಂದವು. ಅಷ್ಟೊಂದು ಜನರ ನಡುವೆ ಅವು ನಂಬಿದ್ದು ಕತ್ತಿನ ಮೇಲೆ ಕೂತವನೊಬ್ಬನನ್ನು.

ಆ ಒಬ್ಬನ ಕೈಗೆ ಏನು ಕೊಟ್ಟಿದ್ದರು ಗೊತ್ತೇ? ಕ್ರಿ.ಪೂ. 207ರ ಮೆಟಾರಸ್ ಕದನದ ಬಗ್ಗೆ ರೋಮಿನ ಇತಿಹಾಸಕಾರ ಲಿವಿ ಬರೆದಿದ್ದಾನೆ: ರೋಮಿನ ಶತ್ರುವಾಗಿದ್ದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ತಮ್ಮ ಹಾಸ್ಡ್ರುಬಲ್‌ನ ಮಾವುತರ ಬಳಿ ಬಡಗಿಯ ಉಳಿಯೂ ಸುತ್ತಿಗೆಯೂ ಇರುತ್ತಿದ್ದವು. ಆನೆ ಕೈಮೀರಿ ತಮ್ಮವರ ಮೇಲೇ ನುಗ್ಗಿದರೆ, ಎರಡು ಕಿವಿಗಳ ನಡುವೆ, ತಲೆ ಕತ್ತಿಗೆ ಕೂಡುವಲ್ಲಿ ಉಳಿ ಇಟ್ಟು ಬಲವಾಗಿ ಒಂದೇಟು. ಆ ದಿನ ಶತ್ರುಗಳಿಗಿಂತ ಮಾವುತರ ಕೈಯಲ್ಲಿ ಸತ್ತ ಆನೆಗಳೇ ಹೆಚ್ಚು. ಮೊದಲ ಸಲ ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಪೋರಸನ ಆನೆಯ ಸಂಗತಿಯನ್ನೂ ಹೇಳಬೇಕು, ಅದನ್ನು ಬರೆದವನು ಗ್ರೀಕ್ ಲೇಖಕ ಪ್ಲುಟಾರ್ಕ್. ರಾಜನಿಗೆ ಶಕ್ತಿಯಿರುವವರೆಗೆ ಅದು ಎದುರು ಬಂದವರನ್ನೆಲ್ಲ ಹಿಮ್ಮೆಟ್ಟಿಸಿತಂತೆ. ಅವನು ಸೋತು ಜಾರುತ್ತಿದ್ದಾನೆಂದು ತಿಳಿದಾಗ ಮೆಲ್ಲನೆ ಮಂಡಿಯೂರಿ ಕೂತಿತು. ಆಮೇಲೆ ಅವನ ಮೈಗೆ ನಾಟಿದ್ದ ಈಟಿಗಳನ್ನು ಸೊಂಡಿಲಿನಿಂದ ಒಂದೊಂದಾಗಿ ಕಿತ್ತು ತೆಗೆಯಿತು.