ದೂರದ ಡೇಟಾಬೇಸಿಗೆ ಯಾವ ತಂತ್ರಾಂಶ?

ಪ್ರಶ್ನೆ: ನಮ್ಮದು ಅಡಿಕೆ ಖರೀದಿಸುವ ಸಣ್ಣ ಸಂಸ್ಥೆ. ಬೆಳೆಗಾರರ ಖಾತೆ, ತೂಕ, ಪಾವತಿಯ ವಿವರಗಳು ಮಂಗಳೂರಿನ ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿಯೂ ಹಳೆಯ ಲೆಕ್ಕಗಳು ಅದೇ ಸರ್ವರಿನ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿಯೂ ಇವೆ. ಇಲ್ಲಿನ ವಿಂಡೋಸ್ ಲ್ಯಾಪ್‌ಟಾಪಿನಿಂದ ವರದಿ ತೆಗೆಯಲು ಉಚಿತವಾದ ಒಳ್ಳೆಯ ತಂತ್ರಾಂಶ ಯಾವುದು? ಮಳೆಗಾಲದಲ್ಲಿ ಇಂಟರ್‌ನೆಟ್ ಪದೇ ಪದೇ ಕಡಿಯುತ್ತದೆ. ಹೆಸರುಗಳು ಕನ್ನಡದಲ್ಲೂ ಮಲಯಾಳದಲ್ಲೂ ಇವೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮಗೆ ಡಿಬೀವರ್‌ನ ಕಮ್ಯುನಿಟಿ ಆವೃತ್ತಿ ಹೊಂದುತ್ತದೆ. ಹಗುರವಾದ ಹೈಡಿಎಸ್‌ಕ್ಯೂಎಲ್ ಕೂಡ ಎರಡನ್ನೂ ತೆರೆಯಬಲ್ಲದು, ಆದರೆ ಅದು ಮೊದಲಿಗೆ ಮೈಎಸ್‌ಕ್ಯೂಎಲ್‌ಗಾಗಿಯೇ ರೂಪುಗೊಂಡದ್ದು. ಇಂಥವೇ ತಂತ್ರಾಂಶಗಳಾದ ಪಿಜಿಅಡ್ಮಿನ್ ಪೋಸ್ಟ್‌ಗ್ರೆಸ್‌ಗೆ, ವರ್ಕ್‌ಬೆಂಚ್ ಮೈಎಸ್‌ಕ್ಯೂಎಲ್‌ಗೆ ಮೀಸಲು. ಡಿಬೀವರ್ ಜಾವಾದಲ್ಲಿ ಬರೆದದ್ದಾದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವುದು ನಿಧಾನ, ಅಷ್ಟನ್ನು ಸಹಿಸಿಕೊಳ್ಳಬೇಕು.

ಆದರೆ ತಂತ್ರಾಂಶದ ಆಯ್ಕೆಗಿಂತ ಮೊದಲು, ಅದು ಯಾವ ದಾರಿಯಿಂದ ಸರ್ವರನ್ನು ಸೇರಬೇಕು ಎಂಬುದು ತೀರ್ಮಾನವಾಗಬೇಕು. ಕೆಲಸ ಬೇಗ ಮುಗಿಯಲೆಂದು ಮೈಎಸ್‌ಕ್ಯೂಎಲ್‌ನ 3306, ಪೋಸ್ಟ್‌ಗ್ರೆಸ್‌ನ 5432ನೇ ಪೋರ್ಟುಗಳನ್ನು (ಸರ್ವರನ್ನು ಸೇರುವ ಬಾಗಿಲುಗಳನ್ನು) ಅಂತರ್ಜಾಲಕ್ಕೆ ತೆರೆದಿಡೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಥ ಪೋರ್ಟುಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸಿ ನೋಡುವ ಪ್ರೋಗ್ರಾಮುಗಳು ಹಗಲಿರುಳೂ ಹೊಂಚುತ್ತಿರುತ್ತವೆ. ಬದಲಿಗೆ ಸರ್ವರ್ ನೋಡಿಕೊಳ್ಳುವವರಿಂದ ಎಸ್‌ಎಸ್‌ಎಚ್ (ಗೂಢಲಿಪಿಯ ಸುರಂಗದಂಥ ಸುರಕ್ಷಿತ ಸಂಪರ್ಕ) ಪ್ರವೇಶ ಪಡೆದು, ಡಿಬೀವರ್‌ನ ಸಂಪರ್ಕ ವಿವರಗಳಲ್ಲಿರುವ ಎಸ್‌ಎಸ್‌ಎಚ್ ವಿಭಾಗದಲ್ಲಿ ಸರ್ವರಿನ ವಿಳಾಸ, ಪೋರ್ಟು (ಸಾಮಾನ್ಯವಾಗಿ 22) ಮತ್ತು ನಿಮ್ಮ ಗುರುತನ್ನು ಸಾಬೀತುಪಡಿಸುವ ಕೀ ಫೈಲನ್ನು ಕೊಡಿ. ಮುಖ್ಯ ವಿಭಾಗದ ಹೋಸ್ಟ್ ಜಾಗದಲ್ಲಿ ಮಾತ್ರ 127.0.0.1 (‘ಈ ಯಂತ್ರವೇ’ ಎಂಬ ಅರ್ಥದ ವಿಳಾಸ) ಎಂದೇ ಬರೆಯಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ. ಆ ವಿಳಾಸವನ್ನು ಓದಿಕೊಳ್ಳುವುದು ಸುರಂಗದ ಆಚೆ ತುದಿಯ ಸರ್ವರ್ ಆದ್ದರಿಂದ, ಅದರ ಪಾಲಿಗೆ ಡೇಟಾಬೇಸ್ ಇರುವುದು ತನ್ನಲ್ಲಿಯೇ.

ಕೆಲಸವಿಲ್ಲದೆ ಸುಮ್ಮನಿದ್ದಾಗ ಸಂಪರ್ಕ ತಪ್ಪುವುದನ್ನು ಕೀಪ್-ಅಲೈವ್ (ಆಗಾಗ ಸಣ್ಣ ಸಂದೇಶ ಕಳುಹಿಸಿ ಸಂಪರ್ಕ ಉಳಿಸುವ) ಅವಧಿ ನಿಗದಿಪಡಿಸಿ ತಡೆಯಬಹುದು. ಗಾಳಿಮಳೆಗೆ ಕೇಬಲ್ಲೇ ಕಡಿದರೆ ಯಾವ ತಂತ್ರಾಂಶವೂ ಏನನ್ನೂ ಮಾಡಲಾರದು. ಸಾವಿರಾರು ಸಾಲುಗಳನ್ನು ಎಕ್ಸೆಲ್‌ಗೆ ಎಳೆದುಕೊಂಡು ಅಲ್ಲಿ ಕೂಡಿಸುವ ಬದಲು, ಬೆಳೆಗಾರರ ಪ್ರಕಾರದ ಮೊತ್ತವನ್ನು ಗ್ರೂಪ್ ಬೈ ಎಂಬ, ಸಾಲುಗಳನ್ನು ಗುಂಪಾಗಿಸುವ ಆದೇಶ ಬಳಸಿ ಸರ್ವರಿನಲ್ಲಿಯೇ ತೆಗೆದರೆ ನಿಧಾನವಾದ ಸಂಪರ್ಕದಲ್ಲೂ ಕೆಲಸ ಸಾಗುತ್ತದೆ. ವರದಿಯಷ್ಟೇ ಬೇಕಾಗಿರುವುದರಿಂದ ಸೆಲೆಕ್ಟ್ (ಓದುವ) ಅನುಮತಿ ಮಾತ್ರವಿರುವ ಖಾತೆಯನ್ನು ಕೇಳಿ ಪಡೆಯಿರಿ. ಡಿಬೀವರ್‌ನಲ್ಲಿಯೂ ರೀಡ್-ಓನ್ಲಿ ಆಯ್ಕೆಯಿದೆ, ಆದರೆ ಆ ಲ್ಯಾಪ್‌ಟಾಪಿನ ಮುಂದೆ ಕುಳಿತ ಯಾರು ಬೇಕಾದರೂ ಅದನ್ನು ತೆಗೆದುಹಾಕಬಹುದು.

ಇನ್ನು ಹೆಸರುಗಳ ವಿಚಾರ. ಪರದೆಯ ಮೇಲೆ ಸರಿಯಾಗಿ ಕಂಡು ಎಕ್ಸೆಲ್‌ನಲ್ಲಿ ಮಾತ್ರ ಅಕ್ಷರಗಳು ಕೆಟ್ಟಿದ್ದರೆ, ಸಿಎಸ್‌ವಿಗೆ (ಎಕ್ಸೆಲ್ ತೆರೆಯಬಲ್ಲ ಸರಳ ಪಠ್ಯ ಕಡತ) ರಫ್ತು ಮಾಡುವಾಗ ಬಿಒಎಂ (ಕಡತ ಯೂನಿಕೋಡಿನದೆಂದು ತಿಳಿಸುವ ಗುರುತು) ಸೇರಿಸುವ ಆಯ್ಕೆಯನ್ನು ಗುರುತು ಮಾಡಿ. ಪರದೆಯಲ್ಲಿಯೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಮೈಎಸ್‌ಕ್ಯೂಎಲ್‌ನ ಅಕ್ಷರಗಳ ಸಂಕೇತವನ್ನು ತೋರಿಸುವ ಹೆಕ್ಸ್ ಫಂಕ್ಷನ್ನಿನಿಂದ ಆ ಹೆಸರನ್ನು ಪರೀಕ್ಷಿಸಿ. 3ಎಫ್ (ಪ್ರಶ್ನಾರ್ಥಕ ಚಿಹ್ನೆಯ ಸಂಕೇತ) ಎಂಬುದೇ ಮತ್ತೆ ಮತ್ತೆ ಬಂದರೆ ಮೂಲ ಅಕ್ಷರಗಳು ದಾಖಲಿಸುವಾಗಲೇ ನಷ್ಟವಾಗಿವೆ ಎಂದರ್ಥ. ಹಳೆಯ ರಶೀದಿ ಪುಸ್ತಕಗಳನ್ನು ನೋಡಿ ಅವನ್ನು ಮತ್ತೆ ಟೈಪ್ ಮಾಡಿಸಬೇಕಾಗುತ್ತದೆ.