ಚಿಕ್ಕಂದಿನಲ್ಲೇ ಟಾನ್ಸಿಲ್ ತೆಗೆಸಿದ್ದರೂ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ. ಅಂಗುಳಿನ ಆಪರೇಷನ್ ಮಾಡಿಸಲೇ, ಸಿಪ್ಯಾಪ್ (ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿಕೊಳ್ಳಲೇ?

ನಾನೂ ಇದೇ ಪ್ರಶ್ನೆ ಹಿಡಿದು ಓಡಾಡಿದವನು. ನನ್ನ ಮಾತು ಕೇಳಿ, ಅಂಗುಳಿನ ಆಪರೇಷನ್ನಿಗೆ ಈಗಲೇ ಒಪ್ಪಬೇಡಿ. ಉಸಿರು ಎಲ್ಲಿ ಕಟ್ಟುತ್ತಿದೆ ಎಂದು ಮೊದಲು ಗೊತ್ತಾಗಲಿ.

ಚಿಕ್ಕಂದಿನಲ್ಲಿ ತೆಗೆದದ್ದು ಗಂಟಲಿನ ಎರಡು ಪಕ್ಕದ ಟಾನ್ಸಿಲ್. ನಾಲಿಗೆಯ ಬುಡದಲ್ಲೂ ಅದೇ ಜಾತಿಯ ಅಂಗಾಂಶವಿದೆ (ಲಿಂಗ್ವಲ್ ಟಾನ್ಸಿಲ್), ಅದು ಹಾಗೇ ಉಳಿದಿರುತ್ತದೆ. ಪಕ್ಕದವು ಹೋದ ಮೇಲೆ ಕೆಲವರಲ್ಲಿ ಇದು ದಪ್ಪವಾಗುತ್ತದೆ. ಹೊಟ್ಟೆಯ ಆಮ್ಲ ಗಂಟಲಿಗೇರುವವರು, ಬೊಜ್ಜಿರುವವರು, ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಇವರಲ್ಲಿ ಹೆಚ್ಚು.

ಎಲ್ಲರೂ ಎಡವುವುದು ಒಂದೇ ಕಡೆ: ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ ಗಂಟಲು ಸರಿಯಿದೆ ಅನ್ನುವುದು. ಆ ಜಾಗ ಟಾರ್ಚಿಗೆ ಕಾಣುವುದೇ ಇಲ್ಲ, ನಾಲಿಗೆಯೇ ಅಡ್ಡ. ಮೇಲಾಗಿ ಎಚ್ಚರವಾಗಿ ಕೂತಿರುವಾಗ ಸ್ನಾಯು ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಅಂಗಾತ ಮಲಗಿ ನಿದ್ದೆ ಹತ್ತಿದಾಗ ಹಿಡಿತ ಸಡಿಲವಾಗಿ ನಾಲಿಗೆ ಹಿಂದಕ್ಕೆ ಜಾರುತ್ತದೆ, ದಪ್ಪಗಾದ ಬುಡದ ಟಾನ್ಸಿಲ್ ಎಪಿಗ್ಲಾಟಿಸನ್ನು (ಶ್ವಾಸನಾಳದ ಬಾಯಿಯ ಮುಚ್ಚಳವನ್ನು) ಒತ್ತಿ ಶ್ವಾಸದ್ವಾರವನ್ನು ಮುಚ್ಚುತ್ತದೆ. ಕಣ್ಣಿಗೆ ಬೀಳುವುದು ಅಂಗುಳು, ಹಾಗಾಗಿ ಕತ್ತರಿ ಬೀಳುವುದೂ ಅದಕ್ಕೇ. ಗೊರಕೆಯ ಸದ್ದು ಇಳಿಯಬಹುದು, ಆದರೆ ಕೆಳಗಿನ ಅಡ್ಡಿ ಇದ್ದಲ್ಲೇ ಇರುತ್ತದೆ. ಸದ್ದು ಇಳಿಯಿತೆಂದು ಮನೆಯವರೂ ಸುಮ್ಮನಾಗುತ್ತಾರೆ. ಅದೇ ಅಪಾಯ.

ಮೊದಲು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ) ಮಾಡಿಸಿ. ದೊಡ್ಡವರಲ್ಲಿ ಗಂಟೆಗೆ 5ರಿಂದ 15 ಬಾರಿ ಉಸಿರಿಗೆ ಅಡಚಣೆಯಾದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಕ್ಕಳಿಗೆ ಈ ಲೆಕ್ಕ ಹಾಕಬೇಡಿ, ಅವರಲ್ಲಿ ಗಂಟೆಗೆ 1 ದಾಟಿದರೂ ಸಾಮಾನ್ಯವಲ್ಲ. ಆಮೇಲೆ ಇಎನ್‌ಟಿ ವೈದ್ಯರ ಹತ್ತಿರ ಮೂಗಿನ ಮೂಲಕ ತೆಳು ಎಂಡೋಸ್ಕೋಪ್ ಹಾಕಿಸಿ, ನಾಲಿಗೆಯ ಬುಡ ನೋಡಿ ಎಂದು ಬಾಯಿಬಿಟ್ಟು ಕೇಳಿ. ಆಪರೇಷನ್ ಮಾತು ಬಂದರೆ, ಔಷಧಿಯಿಂದ ನಿದ್ದೆ ಬರಿಸಿ ನೋಡುವ ಎಂಡೋಸ್ಕೋಪಿ ಆಗದೆ ಸಹಿ ಹಾಕಬೇಡಿ.

ಮಧ್ಯಮ ಅಥವಾ ತೀವ್ರ ಅಂತ ಬಂದರೆ ಸಿಪ್ಯಾಪ್ ಆಗಲೇ ಶುರುವಾಗಲಿ, ಹುಡುಕಾಟ ಮುಗಿಯುವವರೆಗೆ ಕಾಯಬೇಡಿ. ಅಡ್ಡಿ ನಾಲಿಗೆಯ ಬುಡದಲ್ಲೇ ಎಂದು ಖಚಿತವಾದರೆ ಆ ಟಾನ್ಸಿಲನ್ನು ಕೋಬ್ಲೇಷನ್ (ಕಡಿಮೆ ಬಿಸಿಯಲ್ಲಿ ಅಂಗಾಂಶ ಕರಗಿಸುವ ವಿದ್ಯುತ್ ಉಪಕರಣ) ಅಥವಾ ರೋಬೋಟ್ ಸಹಾಯದಿಂದ ತೆಗೆಯುತ್ತಾರೆ. ನೋವು ಸಾಮಾನ್ಯವಾಗಿ ಎರಡು ವಾರದಷ್ಟು ಇರುತ್ತದೆ, ಕೆಲಕಾಲ ರುಚಿ ಕೆಡಬಹುದು. ರಕ್ತಸ್ರಾವ ಮತ್ತು ಊತಕ್ಕೇ ಹೆದರಬೇಕಾದ್ದು, ಎರಡೂ ಉಸಿರಿನ ದಾರಿಯಲ್ಲೇ ಆಗುತ್ತವೆ. ಸುಮಾರು ಮೂರು ತಿಂಗಳ ನಂತರ ಮತ್ತೆ ಸ್ಲೀಪ್ ಸ್ಟಡಿ ಮಾಡಿಸದೆ ಸಿಪ್ಯಾಪ್ ಬಿಡಬೇಡಿ.

ಇನ್ನೊಂದು ವಿಷಯ, ಬೇರೆ ಯಾವ ಆಪರೇಷನ್ನಿಗೆ ಹೋದರೂ ಅರಿವಳಿಕೆ ವೈದ್ಯರಿಗೆ ನಾಲಿಗೆಯ ಬುಡ ದಪ್ಪಗಾಗಿರುವುದನ್ನು ಮೊದಲೇ ತಿಳಿಸಿ. ಹೊರಗಿನಿಂದ ಏನೂ ಕಾಣದೆ, ಉಸಿರಿನ ಕೊಳವೆ ಹಾಕುವಾಗ ದಾರಿಯೇ ಸಿಗದಿರಬಹುದು. ಬುಡದ ಒಂದೇ ಪಕ್ಕ ಊದಿಕೊಂಡಿದ್ದರೆ ಗೊರಕೆಯ ಮಾತು ಬದಿಗಿಟ್ಟು ಬಯಾಪ್ಸಿ (ಕ್ಯಾನ್ಸರ್ ಇದೆಯೇ ಎಂದು ತುಣುಕು ತೆಗೆದು ಪರೀಕ್ಷಿಸುವುದು) ಬೇಕೇ ಎಂದು ಮೊದಲು ಕೇಳಿ.