ಓದುಗರ ಪ್ರಶ್ನೆ, ನಮ್ಮ ಉತ್ತರ: ಅವ್ವನಿಗೊಂದು ಪತ್ತೇದಾರಿ ಕಾದಂಬರಿ

ಪ್ರಶ್ನೆ: ನಮ್ಮ ತಾಯಿಯವರಿಗೆ ಬರುವ ತಿಂಗಳು 68 ತುಂಬುತ್ತದೆ. ಪ್ರತಿ ವರ್ಷವೂ ಇಳಕಲ್ ಸೀರೆ ಕೊಡುತ್ತ ಬಂದಿದ್ದೇನೆ. ಅವು ಮಡಿಕೆ ಮುರಿಯದೆ ಟ್ರಂಕಿನಲ್ಲಿಯೇ ಇವೆ. ಹಳೆಯ ಬಾಗಲಕೋಟೆಯಲ್ಲಿದ್ದಾಗ ಅವರು ಬಾಡಿಗೆ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತರಿಸಿಕೊಂಡು ಓದುತ್ತಿದ್ದರು. ಆಲಮಟ್ಟಿಯ ಹಿನ್ನೀರಿನಿಂದಾಗಿ ನಾವು ನವನಗರಕ್ಕೆ ಬಂದ ಮೇಲೆ ಆ ಅಂಗಡಿಯೂ ಇಲ್ಲವಾಯಿತು, ಅವರ ಓದೂ ನಿಂತಿತು. ಈ ಸಲ ಅಂತಹ ಪುಸ್ತಕಗಳನ್ನೇ ಕೊಡುವ ಆಸೆಯಿದೆ. ಆದರೆ ಅಣ್ಣ, ‘ಈ ವಯಸ್ಸಿನಲ್ಲಿ ಕೊಲೆಯ ಕಥೆ ಏಕೆ, ವಚನದ ಪುಸ್ತಕ ಕೊಡು’ ಎನ್ನುತ್ತಾನೆ. ಯಾವುದನ್ನು ಆರಿಸಲಿ?
— ಓರ್ವ ಮಗಳು, ನವನಗರ, ಬಾಗಲಕೋಟೆ

ಉತ್ತರ: ವಚನಗಳು ನಿಮ್ಮ ಮನೆಯಲ್ಲಿ ಈಗಾಗಲೇ ಇದ್ದೇ ಇರುತ್ತವೆ, ಇಲ್ಲದಿದ್ದರೆ ಅಣ್ಣನವರೇ ತಂದುಕೊಡಲಿ. ಯೌವನದಲ್ಲಿ ಕೊಲೆಗಡುಕರನ್ನು ಬೆನ್ನಟ್ಟುವ ಕಥೆಗಳನ್ನು ಓದಿ ಅರಗಿಸಿಕೊಂಡವರಿಗೆ 68ರಲ್ಲಿ ಅದನ್ನು ತಡೆದುಕೊಳ್ಳಲಾಗದೆಂದು ನಾವು ತೀರ್ಮಾನಿಸುವುದು ಸರಿಯಲ್ಲ.

ಮೊದಲು ಅವರು ಓದಿದ್ದು ಯಾರನ್ನು ಎಂಬುದನ್ನು ತಿಳಿದುಕೊಳ್ಳಿ. ಉಡುಗೊರೆಯ ಗುಟ್ಟು ಬಿಡದೆ, ಸಂಜೆ ಚಹಾ ಕುಡಿಯುವಾಗ ಹಳೆಯ ಅಂಗಡಿಯ ಮಾತು ತೆಗೆದರೆ ಸಾಕು, ಹೆಸರುಗಳು ತಾವಾಗಿ ಬರುತ್ತವೆ. ಎನ್. ನರಸಿಂಹಯ್ಯನವರ ಹೆಸರು ಬರುವ ಸಂಭವ ಹೆಚ್ಚು. ಹೆಚ್ಚು ಶಾಲೆ ಕಲಿಯದೆಯೂ 500ಕ್ಕಿಂತ ಹೆಚ್ಚು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದವರು ಅವರು. ಅವರ ಕಾದಂಬರಿಯ ಪ್ರತಿ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ, ಹಣ ಕೊಡುವ ಮುನ್ನ ಕೊನೆಯ ಹಾಳೆಗಳು ಇವೆಯೇ ಎಂದು ನೋಡಿಕೊಳ್ಳಿ. ಕೈಯಿಂದ ಕೈಗೆ ಓಡಾಡಿದ ಪುಸ್ತಕಗಳಲ್ಲಿ ಮೊದಲು ಉದುರುವುದು ಅವೇ, ಮತ್ತು ಕೊಲೆಗಾರ ಇರುವುದೂ ಅಲ್ಲಿಯೇ. ನಾನೊಮ್ಮೆ ಹಾಗೆ ಕೊಂಡ ಪ್ರತಿಯಲ್ಲಿ ಹಾಳೆಗಳೇನೋ ಪೂರ್ತಿ ಇದ್ದವು. ಆದರೆ ಹಿಂದಿನ ಓದುಗ ಮಹಾಶಯರು ಮೂರನೆಯ ಅಧ್ಯಾಯದಲ್ಲಿಯೇ ಒಂದು ಹೆಸರಿನ ಪಕ್ಕದಲ್ಲಿ ‘ಇವನೇ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು.

ಓದಿದ ಪುಸ್ತಕವನ್ನೇ ಮತ್ತೆ ಕೊಟ್ಟೇನೆಂಬ ಅಂಜಿಕೆ ಬೇಡ. ನಲವತ್ತು ವರ್ಷದ ಹಿಂದಿನ ಕಥೆಯಲ್ಲಿ ಕಳ್ಳ ಯಾರೆಂಬುದು ಮರೆತಿರುತ್ತದೆ, ಓದಿದ ಸುಖ ಮಾತ್ರ ನೆನಪಿರುತ್ತದೆ. ಹಳಬರಲ್ಲಿ ಟಿ.ಕೆ. ರಾಮರಾವ್ ಅವರನ್ನೂ ಮರೆಯಬೇಡಿ. ‘ಬಂಗಾರದ ಮನುಷ್ಯ’ ಚಿತ್ರವನ್ನು ಹತ್ತಾರು ಸಲ ನೋಡಿದ ಎಷ್ಟೋ ಮಂದಿಗೆ, ಅದರ ಮೂಲ ಕಾದಂಬರಿಕಾರರು ಪತ್ತೇದಾರಿ ಕಥೆಗಳನ್ನೂ ಬರೆದವರೆಂಬುದು ತಿಳಿದಿಲ್ಲ.

ಹೊಸದನ್ನು ಕೊಡುವುದಾದರೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ನನ್ನ ಮೊದಲ ಆಯ್ಕೆ. ಏಲಕ್ಕಿ ಬೆಳೆಯುವ ಯುವ ದಂಪತಿ ಮಲೆನಾಡಿನ ಕಾಡಿನಲ್ಲಿ ಸಿಕ್ಕಿಕೊಳ್ಳುವ ಆ ಕಥೆಯನ್ನು ನಡುವೆ ಕೆಳಗಿಡುವುದು ಕಷ್ಟ. ಬಂದ ನೆಂಟರನ್ನೆಲ್ಲ ಐಹೊಳೆ, ಪಟ್ಟದಕಲ್ಲಿಗೆ ಕರೆದೊಯ್ದು ಗುಡಿಯ ಕಲ್ಲುಕಲ್ಲಿಗೂ ನಿಲ್ಲುವ ತಾಯಿ ನಿಮ್ಮವರಾಗಿದ್ದರೆ, ಇತಿಹಾಸ ಮತ್ತು ಶಿಲ್ಪಗಳಲ್ಲಿ ರಹಸ್ಯ ಹುಡುಕುವ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು ಹಿಡಿಸುತ್ತವೆ. ವೃತ್ತಿಯಿಂದ ಕೃಷಿ ವಿಜ್ಞಾನಿಯಾದ ಅವರು ಕಥೆಯ ಜೊತೆಗೆ ಆಧಾರಗಳನ್ನೂ ಒದಗಿಸುವುದರಿಂದ ಓದಿನ ವೇಗ ಕೊಂಚ ತಗ್ಗುತ್ತದೆ ಎಂಬುದು ಬೇರೆ ಮಾತು.

ರಕ್ತಪಾತ ತಾಯಿಯವರಿಗೇ ಬೇಡವಾದರೆ ಅಗಾಥಾ ಕ್ರಿಸ್ಟಿ ಇದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು ವಿಷಗಳ ಗುಣ ಅರಿತಿದ್ದ ಅವರ ಕಥೆಗಳಲ್ಲಿ ಎಷ್ಟೋ ಸಾವುಗಳು ಕತ್ತಿಯಿಂದಲ್ಲ, ಲೋಟದಿಂದ ಬರುತ್ತವೆ. 1930ರ ಕಾದಂಬರಿಯಿಂದ ಪ್ರಸಿದ್ಧಳಾದ ಅವರ ಮಿಸ್ ಮಾರ್ಪಲ್ ಹೆಣಿಗೆ ಹಾಕುತ್ತ ಕುಳಿತೇ ಊರ ಗುಟ್ಟು ಬಿಡಿಸುವ ವೃದ್ಧೆ. ಅನುವಾದ ಕೈಗೆ ಬಂದರೆ ಒಂದೆರಡು ಪುಟ ಅಂಗಡಿಯಲ್ಲಿಯೇ ಓದಿ ನೋಡಿ. ಕನ್ನಡ ತೊಡರುವಂತಿದ್ದರೆ ಸುಳಿವುಗಳೂ ಅದರಲ್ಲಿ ಕಳೆದುಹೋಗುತ್ತವೆ.

ಕೊನೆಯದಾಗಿ, ಅಕ್ಷರದ ಗಾತ್ರ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಹೊಸ ಕನ್ನಡಕ ಬರುವವರೆಗೆ ಕಾಯಿರಿ. ಆರೇಳು ಪುಸ್ತಕಗಳ ಕಟ್ಟನ್ನು ಒಮ್ಮೆಗೇ ಕೊಡದೆ ಎರಡನ್ನು ಮಾತ್ರ ಕೊಡಿ. ಮೂರನೆಯದನ್ನು ಅವರು ಕೇಳಿದ ರೀತಿಯಿಂದಲೇ ಮುಂದಿನ ಆಯ್ಕೆ ನಿಮಗೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಅವ್ವ ಯಾವ ಕಾದಂಬರಿಯನ್ನಾದರೂ ಕೊನೆಯ ಪುಟದಿಂದಲೇ ಆರಂಭಿಸುತ್ತಾಳೆ. ‘ಯಾರಂತ ಗೊತ್ತಾದ್ರ ನಿದ್ದಿ ಬರ್ತೈತಿ’ ಎನ್ನುತ್ತಾಳೆ. ಕೊನೆಯ ಹಾಳೆಗಳಿಗೆ ಪಿನ್ ಹೊಡೆದು ಕೊಡಲೇ?
— ಓದುಗ, ವಿಜಯಪುರ

ಉತ್ತರ: ಬೇಡ. ಕೊಟ್ಟ ಮೇಲೆ ಪುಸ್ತಕ ಅವರದು. ಕೊಲೆಗಾರ ಯಾರೆಂದು ತಿಳಿದು ಓದುವವರು, ಲೇಖಕ ಅವನನ್ನು ಎಲ್ಲೆಲ್ಲಿ ಮರೆಮಾಡಿದ್ದಾನೆಂಬುದನ್ನು ನಮಗಿಂತ ಚೆನ್ನಾಗಿ ಕಾಣುತ್ತಾರೆ. ನಿಮಗೂ ಅದೇ ಪುಸ್ತಕ ಓದುವ ಮನಸ್ಸಿದ್ದರೆ ಅವರಿಗಿಂತ ಮೊದಲೇ ಓದಿ ಮುಗಿಸಿ. ಇಲ್ಲವಾದರೆ ಊಟಕ್ಕೆ ಕುಳಿತಾಗ ಗುಟ್ಟು ಹೊರಬೀಳುತ್ತದೆ.

ಪ್ರಶ್ನೆ: ತಾಯಿಗೆ ಕನ್ನಡ ಬರುತ್ತದೆ, ಆದರೆ ಶಾಲೆ ಕಲಿತದ್ದು ಮರಾಠಿಯಲ್ಲಿ. ಯಾವ ಭಾಷೆಯ ಪುಸ್ತಕ ಕೊಡಲಿ?
— ಓದುಗರು, ಬೆಳಗಾವಿ

ಉತ್ತರ: ಯಾವುದನ್ನು ತಡವರಿಸದೆ ಓದುತ್ತಾರೋ ಅದನ್ನೇ. ರಹಸ್ಯ ಕಥೆಯನ್ನು ಅಕ್ಷರ ಕೂಡಿಸಿ ಓದುವುದು ಶಿಕ್ಷೆ. ಮರಾಠಿಯಲ್ಲಿ ಸಾವಿರಕ್ಕೂ ಹೆಚ್ಚು ರಹಸ್ಯ ಕಥೆ ಬರೆದ ಬಾಬುರಾವ್ ಅರ್ನಾಳಕರ್ ಅವರ ಹೆಸರನ್ನು ತಾಯಿಯ ಮುಂದೆ ಎತ್ತಿ ನೋಡಿ; ಮುಖ ಅರಳಿದರೆ ಅಂಗಡಿಗೆ ಹೊರಡಬಹುದು.